ಸ್ಕೂಟರ್ ತಗೊಳ್ಳಲಿಲ್ಲ, ಫೋನ್ ಮಾತ್ರ ನಿಲ್ಲುತ್ತಿಲ್ಲ

ಪ್ರಶ್ನೆ: ನಾನು ದಾವಣಗೆರೆಯ ನಿಟುವಳ್ಳಿಯವಳು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಹೋದ ತಿಂಗಳು ಸ್ಕೂಟರ್ ನೋಡೋಣ ಅಂತ ಒಂದು ಶೋರೂಮಿಗೆ ಹೋಗಿದ್ದೆವು. ಅಲ್ಲೇ ಮೇಜು ಹಾಕಿಕೊಂಡು ಕೂತಿದ್ದ ಫೈನಾನ್ಸ್ ಹುಡುಗ, "ಸಾಲ ಆಗುತ್ತೋ ಇಲ್ವೋ ಸುಮ್ನೆ ಚೆಕ್ ಮಾಡೋಣ ಅಕ್ಕ" ಅಂತ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೋವನ್ನು ತನ್ನ ಮೊಬೈಲಿನಲ್ಲೇ ಹೊಡೆದುಕೊಂಡ. ಜೆರಾಕ್ಸನ್ನೂ ಇಟ್ಟುಕೊಂಡ. ಎರಡು ಸಲ ಒಟಿಪಿ ಕೇಳಿದ, ಹೇಳಿದೆ. ಒಂದು ಫಾರಂಗೆ ಮೂರು ಕಡೆ ಸಹಿ ಹಾಕಿಸಿಕೊಂಡ. ರೆಫರೆನ್ಸ್ ಬೇಕು ಅಂದಾಗ ನಾದಿನಿಯ ನಂಬರ್ ಕೊಟ್ಟೆ. ಬಡ್ಡಿ ಜಾಸ್ತಿ ಅನಿಸಿ ಸ್ಕೂಟರ್ ಬಿಟ್ಟು ಬಂದೆವು. ಈಗ ದಿನಕ್ಕೆ ನಾಲ್ಕೈದು ಕಂಪನಿಯವರು ಫೋನ್ ಮಾಡುತ್ತಾರೆ. ನನ್ನ ಹೆಸರು, ನಾನು ನೋಡಿದ ಸ್ಕೂಟರ್, ಎರಡೂ ಅವರಿಗೆ ಗೊತ್ತು. ನಾದಿನಿಗೂ ಕರೆ ಹೋಗಿದೆ, ಅವಳು ನನ್ನ ಮೇಲೆ ಸಿಟ್ಟಾಗಿದ್ದಾಳೆ. ಇದರ ನಡುವೆ ನನ್ನ ಬ್ಯಾಂಕಿನಿಂದ ಮತ್ತೆ ಕೆವೈಸಿ, ಅಂದರೆ ಗುರುತು-ವಿಳಾಸದ ದಾಖಲೆ, ಕೊಡಿ ಅಂತ ಕಾಗದ ಬಂದಿದೆ. ನಮ್ಮ ಮಾಹಿತಿ ಎಲ್ಲೆಲ್ಲಿ ಹೋಗುತ್ತೆ ಸರ್? ವಾಪಸ್ ತಗೊಳ್ಳೋಕೆ ಆಗುತ್ತಾ?

ಉತ್ತರ: ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಬರೀ ಆಧಾರ್, ಪ್ಯಾನ್ ಜೆರಾಕ್ಸ್ ಇಟ್ಟುಕೊಂಡು ನಿಮ್ಮ ಖಾತೆಯಿಂದ ಹಣ ತೆಗೆಯಲು ಆಗುವುದಿಲ್ಲ. ಆದರೆ ನಿಮ್ಮ ಹೆಸರಲ್ಲಿ ಸಾಲದ ಅರ್ಜಿ ಹಾಕಬಹುದು. ಅದು ಆಗಿದೆಯೋ ಇಲ್ಲವೋ ಅಂತ ನೋಡುವ ದಾರಿ ನಿಮ್ಮ ಕೈಯಲ್ಲೇ ಇದೆ. ಆ ದಾರಿಗೆ ಆಮೇಲೆ ಬರುತ್ತೇನೆ.

ಮಾಹಿತಿ ಸೋರಿತು ಅಂದ ಕೂಡಲೇ ಜನ ಬ್ಯಾಂಕಿನ ಕಂಪ್ಯೂಟರ್ ಕಡೆ ಬೆರಳು ತೋರಿಸುತ್ತಾರೆ. ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನಲ್ಲಿ ದುಡಿದವನು. ಚಳ್ಳಕೆರೆಯಲ್ಲೂ ಇದ್ದೆ, ದಾವಣಗೆರೆಯಲ್ಲೂ ಇದ್ದೆ. ನಾನು ಕಂಡ ಮಟ್ಟಿಗೆ ಹೆಚ್ಚು ಸೋರುವುದು ಕಂಪ್ಯೂಟರಿನಿಂದಲ್ಲ, ಕಾಗದ ಕೈ ಬದಲಾಯಿಸುವ ಮೇಜಿನಿಂದ. ನಿಮ್ಮ ವಿಷಯದಲ್ಲೂ ಆ ಶೋರೂಮಿನ ಮೇಜಿನ ಮೇಲೇ ನನ್ನ ಅನುಮಾನ.

ಆ ಹುಡುಗ ಯಾರು? ಮುಕ್ಕಾಲುಪಾಲು ಸಲ ಇಂಥವರು ಫೈನಾನ್ಸ್ ಕಂಪನಿಯ ನೌಕರರಾಗಿರುವುದಿಲ್ಲ. ಕಮಿಷನ್ ಮೇಲೆ ಕೆಲಸ ಮಾಡುವ ಏಜೆಂಟರು. ಇವರಿಗೆ ಡಿಎಸ್‌ಎ ಅನ್ನುತ್ತಾರೆ. ಸಾಲ ಆದರೆ ದುಡ್ಡು, ಆಗದಿದ್ದರೆ ದಿನವಿಡೀ ಕೂತಿದ್ದಷ್ಟೇ ಬಂತು. ಹಾಗಾಗಿ ಒಬ್ಬ ಏಜೆಂಟನ ಹತ್ತಿರ ಮೂರ್ನಾಲ್ಕು ಕಂಪನಿಗಳ ವ್ಯವಹಾರ ಇರುತ್ತದೆ. ನಿಮ್ಮ ಫೋಟೋಗಳು ವಾಟ್ಸಾಪಿನಲ್ಲಿ ಎಲ್ಲ ಕಡೆಗೂ ಹೋಗುತ್ತವೆ. ಯಾರು ಮೊದಲು ಹೂಂ ಅಂತಾರೋ ಅವರಿಗೆ ಕೇಸು. ಆ ಹುಡುಗನಿಗೆ ಇದು ಮೋಸ ಅಂತಲೂ ಅನಿಸಿರುವುದಿಲ್ಲ, ಅವನ ಲೆಕ್ಕದಲ್ಲಿ ಅದು ನಿಮಗೆ ಮಾಡಿದ ಉಪಕಾರ. ಆದರೆ ನೀವು ಒಪ್ಪಿದ್ದು ಒಂದು ಕಡೆಗೆ ಮಾತ್ರ, ಅಲ್ವಾ?

ಈಗ ಆ ಎರಡು ಒಟಿಪಿ. ಅವು ಇನ್ನೂ ನಿಮ್ಮ ಫೋನಿನ ಮೆಸೇಜುಗಳಲ್ಲೇ ಇರಬೇಕು, ಅಳಿಸಬೇಡಿ. ತೆಗೆದು ಪೂರ್ತಿ ಓದಿ. ಒಟಿಪಿ ಕೇಳಿದಾಗ ನಾವೆಲ್ಲ ಅಂಕಿಯನ್ನಷ್ಟೇ ನೋಡಿ ಹೇಳಿಬಿಡುತ್ತೇವೆ. ಅದರ ಹಿಂದೆ ಮುಂದೆ ಇರುವ ಸಾಲನ್ನು ಓದುವುದಿಲ್ಲ. ಕಳಿಸಿದ್ದು ಯಾರು, ಯಾವುದಕ್ಕೆ ಅನ್ನುವುದು ಸಾಮಾನ್ಯವಾಗಿ ಆ ಸಾಲಿನಲ್ಲೇ ಇರುತ್ತದೆ. ಒಂದು ಆಧಾರ್ ಇ-ಕೆವೈಸಿಗೆ ಬಂದದ್ದಿರಬಹುದು. ಇನ್ನೊಂದು ನಿಮ್ಮ ಹಳೇ ಸಾಲಗಳ ವರದಿ ತೆಗೆಯಲು ಒಪ್ಪಿಗೆ ಇರಬಹುದು. ಹಿಂದೆ ನಾವು ಸಹಿ, ಹೆಬ್ಬೆಟ್ಟು ಅನ್ನುತ್ತಿದ್ದೆವಲ್ಲ, ಈಗ ಆ ಜಾಗದಲ್ಲಿ ಆರು ಅಂಕಿ ಬಂದು ಕೂತಿದೆ.

ಆಧಾರ್ ಬಳಕೆಯ ಸುಳಿವು ಇನ್ನೊಂದು ಕಡೆಯೂ ಸಿಗುತ್ತದೆ. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ ಲಾಗಿನ್ ಆದರೆ 'ಅಥೆಂಟಿಕೇಶನ್ ಹಿಸ್ಟರಿ' ಅಂತ ಇದೆ. ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಒಟಿಪಿಯಿಂದಲೋ ಬೆರಳಿನಿಂದಲೋ ತಾಳೆಯಾಯಿತು ಅನ್ನುವುದು ದಿನಾಂಕ ಸಮೇತ ಬರುತ್ತದೆ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಹತ್ತು ನಿಮಿಷದ ಕೆಲಸ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ನಿಮ್ಮ ಸಾಲಗಳ ವರದಿ, ಕ್ರೆಡಿಟ್ ರಿಪೋರ್ಟು. ಜನ ಇದಕ್ಕೆ ಒಟ್ಟಾಗಿ 'ಸಿಬಿಲ್' ಅನ್ನುತ್ತಾರೆ. ನಿಜದಲ್ಲಿ ಈ ವರದಿ ತಯಾರಿಸುವ ಕಂಪನಿಗಳು ನಾಲ್ಕಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. 2005ರ ಕಾಯ್ದೆಯ ಅಡಿಯಲ್ಲಿ ಇವು ನಡೆಯುತ್ತವೆ. ಬ್ಯಾಂಕು, ಫೈನಾನ್ಸು, ಮೈಕ್ರೋಫೈನಾನ್ಸು ಎಲ್ಲರೂ ತಮ್ಮ ಸಾಲಗಾರರ ಲೆಕ್ಕವನ್ನು ಇವಕ್ಕೆ ಕಳಿಸಲೇಬೇಕು. 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಕಳಿಸಬೇಕು ಅಂತ ನಿಯಮ ಬಂತು. ನೀವು ಮೈಕ್ರೋಫೈನಾನ್ಸ್ ಗುಂಪಿನಲ್ಲಿ ಸಾಲ ಮಾಡಿದ್ದರೆ, ವಾರದ ಕಂತು ಸಮೇತ ಅದೂ ಅಲ್ಲಿರುತ್ತದೆ. 'ಗುಂಪಿನ ಸಾಲ ಯಾರಿಗೆ ಗೊತ್ತಾಗುತ್ತೆ' ಅಂತ ಅಂದುಕೊಂಡವರು ನಮ್ಮೂರಲ್ಲಿ ಬಹಳ ಜನ.

ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಬಿಟ್ಟಿಯಾಗಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಅವರವರ ವೆಬ್‌ಸೈಟಿನಲ್ಲೇ ಕೇಳಿ ಪಡೆಯಿರಿ. ಮಧ್ಯದಲ್ಲಿ ಬರುವ ಆಪ್‌ಗಳು ಬೇಡ, ಅಲ್ಲಿ ಮತ್ತೆ ನಿಮ್ಮ ನಂಬರ್ ಮಾರಾಟದ ಪಟ್ಟಿಗೆ ಸೇರುತ್ತದೆ. ರಿಪೋರ್ಟು ಬಂದಮೇಲೆ ಮೇಲೆ ಕಾಣುವ ಮೂರಂಕಿಯ ಸ್ಕೋರು ನೋಡಿ ಹಿಗ್ಗುವುದು, ಕುಗ್ಗುವುದು ಆಮೇಲೆ ಇರಲಿ. ಸೀದಾ ಕೊನೇ ಪುಟಗಳಿಗೆ ಹೋಗಿ. 'ಎನ್‌ಕ್ವೈರಿ' ಅನ್ನುವ ಭಾಗ ಇರುತ್ತದೆ. ಯಾವ ಕಂಪನಿ, ಯಾವ ದಿನ, ಯಾವ ಥರದ ಸಾಲಕ್ಕೆ, ಎಷ್ಟು ಮೊತ್ತಕ್ಕೆ ನಿಮ್ಮ ರಿಪೋರ್ಟು ತೆಗೆದು ನೋಡಿತು ಅಂತ ಸಾಲು ಸಾಲಾಗಿ ಬರೆದಿರುತ್ತದೆ. ನೀವು ಶೋರೂಮಿಗೆ ಹೋದ ದಿನವೇ ಮೂರು ಕಂಪನಿಗಳ ಹೆಸರು ಅಲ್ಲಿ ಕಂಡರೆ, ನಿಮ್ಮ ಕಾಗದ ಎಲ್ಲಿಗೆ ಹೋಯಿತು ಅನ್ನುವ ಪ್ರಶ್ನೆಗೆ ಉತ್ತರ ಅದೇ. ಸ್ಕೂಟರ್ ಬಿಟ್ಟು ಬಂದು ವಾರವಾದ ಮೇಲೆ ಪರ್ಸನಲ್ ಲೋನ್ ಅಂತ ಹೊಸ ಸಾಲು ಕಂಡರೆ ಮಾತ್ರ ಗಂಭೀರ ವಿಷಯ. ಅದನ್ನು ಯಾರೋ ನಿಮ್ಮ ಹೆಸರಲ್ಲಿ ಕೇಳಿರಬಹುದು.

ಒಂದೇ ಸಲ ನಾಲ್ಕೈದು ಎನ್‌ಕ್ವೈರಿ ಬಿದ್ದರೆ ಸ್ಕೋರು ಇಳಿಯುತ್ತದೆ. 'ಸುಮ್ನೆ ಚೆಕ್ ಮಾಡೋಣ' ಅನ್ನುವ ಮಾತು ಅಷ್ಟು ಸುಮ್ನೆ ಅಲ್ಲ ಅಂತ ನಾನು ಹೇಳುವುದು ಇದಕ್ಕೇ. ನಿಮ್ಮ ರಿಪೋರ್ಟನ್ನು ನೀವೇ ನೋಡಿಕೊಂಡರೆ ಮಾತ್ರ ಸ್ಕೋರು ಇಳಿಯುವುದಿಲ್ಲ. ನೀವು ಒಪ್ಪದ ಎನ್‌ಕ್ವೈರಿ ಇದ್ದರೆ ಆ ಕ್ರೆಡಿಟ್ ಕಂಪನಿಯ ವೆಬ್‌ಸೈಟಿನಲ್ಲೇ ತಕರಾರು ಹಾಕಬಹುದು. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಈ ನಿಯಮ ನಡೆಯುತ್ತಿದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ.

ಇನ್ನು ಆ ಮೂರು ಸಹಿ. ಅಂಥ ಫಾರಂಗಳನ್ನು ನಾನೂ ಎಷ್ಟೋ ಜನರ ಕೈಲಿ ಸಹಿ ಮಾಡಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಒಂದು ಸಹಿ ಅರ್ಜಿಗೆ. ಇನ್ನೊಂದು ಕೊಟ್ಟ ವಿವರ ಸರಿ ಅನ್ನುವುದಕ್ಕೆ. ಮೂರನೆಯದರ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಪ್ಯಾರಾ ಇರುತ್ತದೆ. ನಮ್ಮ ಗುಂಪಿನ ಕಂಪನಿಗಳು, ಪಾಲುದಾರರು, ಏಜೆಂಟರಿಗೆ ನನ್ನ ಮಾಹಿತಿ ಕೊಡಬಹುದು, ಅವರು ನನಗೆ ಫೋನ್ ಮಾಡಬಹುದು ಅನ್ನುವುದು ಅದರ ತಾತ್ಪರ್ಯ. ಅದರ ಪಕ್ಕ ಒಂದು ಚೌಕ, ಅದರೊಳಗೆ ಎಷ್ಟೋ ಸಲ ಮೊದಲೇ ಟಿಕ್ ಬಿದ್ದಿರುತ್ತದೆ. ಆ ಪ್ಯಾರಾವನ್ನು ಪೆನ್ನಿನಿಂದ ಗೀಟು ಹಾಕಿ ಹೊಡೆದು, ಪಕ್ಕದಲ್ಲಿ ಸಹಿ ಮಾಡಿದ ಗ್ರಾಹಕರನ್ನು ನನ್ನ ಸರ್ವೀಸಿನಲ್ಲಿ ಬೆರಳೆಣಿಕೆಯಷ್ಟು ಜನರನ್ನು ನೋಡಿದ್ದೇನೆ. ಅವರಲ್ಲಿ ಯಾರ ಸಾಲವೂ ಅದೊಂದೇ ಕಾರಣಕ್ಕೆ ನಿಂತಿದ್ದು ನನಗೆ ನೆನಪಿಲ್ಲ.

ಅಂದರೆ ನಮ್ಮಿಂದ ತೆಗೆದುಕೊಳ್ಳುವ ಮಾಹಿತಿಯಲ್ಲಿ ಎರಡು ಬಗೆ. ಕಾನೂನಿಗೆ ಬೇಕಾದದ್ದು ಒಂದು, ಅವರ ವ್ಯಾಪಾರಕ್ಕೆ ಬೇಕಾದದ್ದು ಇನ್ನೊಂದು. ಒಂದೇ ಫಾರಂನಲ್ಲಿ ಬೆರೆಸಿ ಕೇಳುವುದರಿಂದ ನಮಗೆ ಎರಡೂ ಕಡ್ಡಾಯ ಅನಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಖಾತೆ ತೆರೆಯಲು ಪರಿಚಯದವರ ಒಂದು ಸಹಿ ಸಾಕಿತ್ತು. ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ಸಾಹುಕಾರರೊಬ್ಬರು ಇದ್ದರು. ವಾರಕ್ಕೆ ಹತ್ತು ಜನರಿಗೆ ಪರಿಚಯದ ಸಹಿ ಹಾಕುತ್ತಿದ್ದರು, ಅರ್ಧ ಜನರ ಊರೂ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಹಣ ಅಕ್ರಮ ಸಾಗಣೆ ತಡೆಯಲು 2002ರಲ್ಲಿ ಪಿಎಂಎಲ್‌ಎ ಕಾಯ್ದೆ ಬಂತು, 2005ರಿಂದ ಜಾರಿಯಾಯಿತು. ಗ್ರಾಹಕ ಯಾರು ಅಂತ ಖಚಿತ ಮಾಡಿಕೊಳ್ಳುವುದು ಬ್ಯಾಂಕಿನ ಹೊಣೆಯಾಯಿತು. ಇವತ್ತಿನ ಕೆವೈಸಿ ನಿಂತಿರುವುದು ಅದರ ಮೇಲೆ. ಅದಕ್ಕೆ ಬೇಕಾದದ್ದು ಗುರುತು, ವಿಳಾಸ, ಫೋಟೋ, ಪ್ಯಾನ್ ಇಲ್ಲವೇ ಪ್ಯಾನ್ ಇಲ್ಲದವರು ಕೊಡುವ ಘೋಷಣೆಯ ಫಾರಂ. ಗುರುತಿಗೆ ಆಧಾರೇ ಆಗಬೇಕೆಂದಿಲ್ಲ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಮತದಾರರ ಚೀಟಿ, ನರೇಗಾ ಜಾಬ್ ಕಾರ್ಡು ಕೂಡ ನಡೆಯುತ್ತವೆ. ಗೃಹಲಕ್ಷ್ಮಿಯಂಥ ಸರ್ಕಾರಿ ಹಣ ಬರುವ ಖಾತೆಗೆ ಆಧಾರ್ ಜೋಡಣೆ ಬೇಕು, ಅದು ಸರಿ. ಸ್ಕೂಟರ್ ಸಾಲಕ್ಕೆ ಆಧಾರ್ ಒಂದೇ ದಾರಿ ಅಂದರೆ ಅದು ತಪ್ಪು. ನಿಮ್ಮ ಯಜಮಾನರ ಸಂಬಳ, ಮಕ್ಕಳ ಶಾಲೆ, ಮನೆಯಲ್ಲಿ ಯಾರ ಹೆಸರಲ್ಲಿ ವಿಮೆ ಇದೆ ಅನ್ನುವ ಪ್ರಶ್ನೆಗಳು ಕೆವೈಸಿಯಲ್ಲ. ಸಾಲಕ್ಕೆ ಆದಾಯ ಕೇಳುವುದು ನ್ಯಾಯ. ವಿಮೆ ಯಾರ ಹೆಸರಲ್ಲಿದೆ ಅನ್ನುವುದು ಇನ್ನೊಂದು ಪಾಲಿಸಿ ಮಾರುವವರಿಗೆ ಬೇಕಾದ ಸುದ್ದಿ.

ನಾದಿನಿಯ ನಂಬರೂ ಅಷ್ಟೇ. ರೆಫರೆನ್ಸ್ ಅಂತ ಯಾರ ನಂಬರ್ ಕೊಟ್ಟಿರೋ ಅವರು ಜಾಮೀನುದಾರರಲ್ಲ, ನಿಮ್ಮ ಸಾಲಕ್ಕೂ ಅವರಿಗೂ ಸಂಬಂಧವಿಲ್ಲ. ಆದರೆ ಅವರ ಪರವಾಗಿ ಒಪ್ಪಿಗೆ ಕೊಡಲು ನಿಮಗೂ ಬರುವುದಿಲ್ಲ. ಸಿಟ್ಟಾಗಿದ್ದು ಸರಿಯೇ, ಒಂದು ಮಾತು ಕೇಳಿ ಕೊಡಬೇಕಿತ್ತು.

ನಿಮ್ಮ ಬ್ಯಾಂಕಿನ ಕಾಗದಕ್ಕೂ ಈ ಶೋರೂಮ್ ಗಲಾಟೆಗೂ ನಂಟಿಲ್ಲ ಅನಿಸುತ್ತದೆ. ಬ್ಯಾಂಕುಗಳು ಗ್ರಾಹಕರನ್ನು ಅಪಾಯದ ಲೆಕ್ಕದಲ್ಲಿ ಮೂರು ಗುಂಪು ಮಾಡಿರುತ್ತವೆ. ಮೇಲಿನ ಗುಂಪಿಗೆ 2 ವರ್ಷಕ್ಕೆ, ನಡುವಿನದಕ್ಕೆ 8 ವರ್ಷಕ್ಕೆ, ನಮ್ಮ ನಿಮ್ಮಂಥ ಕಡಿಮೆ ಅಪಾಯದವರಿಗೆ 10 ವರ್ಷಕ್ಕೊಮ್ಮೆ ಕೆವೈಸಿ ಹೊಸದು ಮಾಡಬೇಕು. ವಿಳಾಸ, ಹೆಸರು ಏನೂ ಬದಲಾಗದಿದ್ದರೆ 'ಬದಲಾವಣೆ ಇಲ್ಲ' ಅಂತ ಒಂದು ಘೋಷಣೆ ಸಾಕು. ಮತ್ತೆ ಕಟ್ಟು ಜೆರಾಕ್ಸ್ ಹೊರಬೇಕಿಲ್ಲ. ಗಡುವಿಗೆ ಮುಂಚೆ ಕನಿಷ್ಠ ಮೂರು ಸಲ ತಿಳಿಸಬೇಕು, ಅದರಲ್ಲಿ ಒಂದಾದರೂ ಅಂಚೆಯ ಕಾಗದವಾಗಿರಬೇಕು ಅಂತ 2025ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ನಿಮಗೆ ಬಂದಿರುವುದು ಬಹುಶಃ ಅದು. ಕಾಗದ ಹಿಡಿದು ನೇರ ಶಾಖೆಗೇ ಹೋಗಿ, ಅದರಲ್ಲಿರುವ ಫೋನ್ ನಂಬರಿಗೆ ಕರೆ ಮಾಡುತ್ತಾ ಕೂರಬೇಡಿ. 'ಇವತ್ತು ಸಂಜೆಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್, ಈ ಲಿಂಕ್ ಒತ್ತಿ' ಅಂತ ಬಂದರೆ ಅದು ಕಳ್ಳರ ಮೆಸೇಜು. ಒತ್ತಿ ಹಣ ಹೋಗಿಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಬೇಕು.

ಬ್ಯಾಂಕಿಗೆ ಹೋದ ಮಾಹಿತಿ ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದೂ ತಿಳಿದಿರಲಿ. ಕೆವೈಸಿಯ ಒಂದು ಪ್ರತಿ ಕೇಂದ್ರದ ಸಿ-ಕೆವೈಸಿ ಅನ್ನುವ ಭಂಡಾರಕ್ಕೆ ಹೋಗಿ ನಿಮಗೆ 14 ಅಂಕಿಯ ನಂಬರ್ ಸಿಗುತ್ತದೆ. ಸಾಲದ ಲೆಕ್ಕ ಆಗಲೇ ಹೇಳಿದ ನಾಲ್ಕು ಕಂಪನಿಗಳಿಗೆ. ದೊಡ್ಡ ನಗದು ವ್ಯವಹಾರ ಆದಾಯ ತೆರಿಗೆಗೆ, ಹಣಕಾಸು ಗುಪ್ತಚರ ಘಟಕಕ್ಕೆ. ಕೋರ್ಟು, ಪೊಲೀಸರು ಕಾನೂನು ಪ್ರಕಾರ ಕೇಳಿದರೆ ಅವರಿಗೆ. ಇದಕ್ಕೆಲ್ಲ ನಿಮ್ಮ ಒಪ್ಪಿಗೆ ಬೇಕಿಲ್ಲ. ಖಾತೆ ಮುಚ್ಚಿದ ಮೇಲೂ 5 ವರ್ಷ ದಾಖಲೆ ಇಟ್ಟುಕೊಳ್ಳಲೇಬೇಕು. ಹಾಗಾಗಿ 'ಇವತ್ತು ಖಾತೆ ಮುಚ್ಚಿದೆ, ನನ್ನದೆಲ್ಲ ಅಳಿಸಿ' ಅಂದರೆ ಬ್ಯಾಂಕಿನವರು ಆಗಲ್ಲ ಅನ್ನುವುದು ಸರಿಯೇ. ಇಷ್ಟು ಬಿಟ್ಟು ಗ್ರಾಹಕರ ಗುಟ್ಟು ಕಾಯುವುದು ಬ್ಯಾಂಕಿನ ಹಳೇ ಧರ್ಮ. ನಾವು ಸೇರುವಾಗ ಅದಕ್ಕೆ ಬರೆದುಕೊಟ್ಟೇ ಸೇರುತ್ತಿದ್ದೆವು.

ಆದರೆ ಕಾಗದದ ಕಥೆ ಬೇರೆ. ಕೆಲವು ವರ್ಷದ ಹಿಂದೆ ಒಂದು ಸಂಜೆ ಜಯದೇವ ವೃತ್ತದ ಹತ್ತಿರ ಗಾಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದೆ. ಮಿರ್ಚಿ ಇಟ್ಟು ಕೊಟ್ಟ ಹಾಳೆ ಎಣ್ಣೆ ಕುಡಿದು ಪಾರದರ್ಶಕವಾಯಿತು. ಹಿಂದಿನ ಮಗ್ಗುಲಿಂದ ಒಬ್ಬ ಹೆಂಗಸಿನ ಮುಖ ಮೇಲೆದ್ದು ಬಂತು. ತಿರುಗಿಸಿ ನೋಡಿದರೆ ಯಾರದೋ ಪ್ಯಾನ್ ಕಾರ್ಡಿನ ಜೆರಾಕ್ಸು, ಕೆಳಗೆ ಸಹಿ, ಫೋನ್ ನಂಬರು. ಒಂದು ಫೈನಾನ್ಸ್ ಕಚೇರಿಯವರು ತಿರಸ್ಕಾರವಾದ ಅರ್ಜಿಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಹಾಕಿದ್ದರು. ಗಾಡಿಯವನ ಹತ್ತಿರ ಉಳಿದಿದ್ದ ಕಟ್ಟನ್ನು ದುಡ್ಡು ಕೊಟ್ಟು ಮನೆಗೆ ತಂದು ಒಲೆಗೆ ಹಾಕಿದೆ. 'ಸಾರ್, ನಾಳೆ ಪೇಪರ್ ಎಲ್ಲಿಂದ ತರಲಿ' ಅಂತ ಅವನು ನನ್ನನ್ನೇ ಬೈದ.

ಅವತ್ತಿನಿಂದ ನಾನು ಕೊಡುವ ಪ್ರತಿ ಜೆರಾಕ್ಸಿನ ಮೇಲೂ ಅಡ್ಡಲಾಗಿ ಬರೆಯುತ್ತೇನೆ. ಯಾರಿಗೆ, ಯಾವುದಕ್ಕೆ, ಯಾವ ದಿನ. 'ಇಂಥ ಕಂಪನಿಯ ಸ್ಕೂಟರ್ ಸಾಲದ ಅರ್ಜಿಗೆ ಮಾತ್ರ' ಅಂತ ಬರೆದು, ಅಕ್ಷರ ಕಾರ್ಡಿನ ಚಿತ್ರದ ಮೇಲೂ ಹಾಯುವಂತೆ ಸಹಿ ಮಾಡಿ. ಪಕ್ಕದ ಖಾಲಿ ಜಾಗದಲ್ಲಿ ಬರೆದರೆ ಕತ್ತರಿಸಿ ಬಿಸಾಕುತ್ತಾರೆ. ಆಧಾರ್ ಕೊಡಲೇಬೇಕು ಅಂದರೆ ಯುಐಡಿಎಐ ವೆಬ್‌ಸೈಟಿನಿಂದ 'ಮಾಸ್ಕ್ಡ್ ಆಧಾರ್' ಇಳಿಸಿಕೊಳ್ಳಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಅಲ್ಲೇ ಬಯೋಮೆಟ್ರಿಕ್ ಲಾಕ್, ಅಂದರೆ ಬೆರಳಚ್ಚಿಗೆ ಬೀಗ, ಕೂಡ ಹಾಕಿಡಿ. ಬೆರಳಚ್ಚು ನಕಲು ಮಾಡಿ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಸುದ್ದಿಯಾಗಿದ್ದವು. ಹೆಬ್ಬೆಟ್ಟು ಒತ್ತಿ ಹಣ ತೆಗೆಯುವವರು ಬೇಕಾದಾಗ ಬಿಚ್ಚಿ, ಮತ್ತೆ ಹಾಕಿಕೊಳ್ಳಬಹುದು. ಚೆಕ್ ಕೇಳಿದರೆ ಎರಡು ಗೆರೆ ಎಳೆದು 'ಕ್ಯಾನ್ಸಲ್ಡ್' ಅಂತ ಬರೆದು ಕೊಡಿ, ಸಹಿ ಬೇಡ.

ಮೊಬೈಲ್ ಆಪಿನ ಸಾಲದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಿಮ್ಮ ಕಾಂಟ್ಯಾಕ್ಟು, ಫೋಟೋ ಫೈಲು, ಕಾಲ್ ಲಿಸ್ಟು ಮುಟ್ಟಲು ಸಾಲದ ಆಪಿಗೆ ಅವಕಾಶವಿಲ್ಲ ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳಿತು ಅಂದರೆ ಅದು ನಿಯಮಕ್ಕೆ ಹೊರಗಿನದು, ತೆಗೆದು ಹಾಕಿ.

ನಿಮ್ಮ ಕಡೆ ಕಾನೂನು ಎಷ್ಟಿದೆ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಭಾಗಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ, ಅಂದರೆ ಪೂರ್ತಿ ಬಲ ಬರುವುದು 2027ರಲ್ಲಿ. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಅಂಶ. ಮಾಹಿತಿ ಯಾವುದಕ್ಕೆ ಬೇಕು ಅನ್ನುವ ನೋಟಿಸನ್ನು ಕನ್ನಡದಲ್ಲೇ ಓದುವ ಅವಕಾಶ ನಿಮಗಿರಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವುದೂ ಕೊಟ್ಟಷ್ಟೇ ಸುಲಭವಾಗಿರಬೇಕು. ಸಾಸಿವೆ ಅಕ್ಷರದ ಇಂಗ್ಲಿಷ್ ಪ್ಯಾರಾಗಳಿಗೆ ಇದರಿಂದ ಕಷ್ಟಕಾಲ ಬರಲಿ ಅಂತ ನನ್ನ ಆಸೆ.

ಅಲ್ಲಿಯವರೆಗೆ ಕಾಯಬೇಕಿಲ್ಲ. ರಿಪೋರ್ಟಿನಲ್ಲಿ ಹೆಸರು ಸಿಕ್ಕ ಪ್ರತಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಒಂದು ಇ-ಮೇಲ್ ಹಾಕಿ. ಹೀಗೆ ಬರೆದರೆ ಸಾಕು: "ಇಂಥ ದಿನ ಸ್ಕೂಟರ್ ಸಾಲಕ್ಕಾಗಿ ಶೋರೂಮಿನಲ್ಲಿ ದಾಖಲೆ ಕೊಟ್ಟಿದ್ದೆ. ಸಾಲ ಪಡೆದಿಲ್ಲ. ನನ್ನ ಮಾಹಿತಿ ನಿಮಗೆ ಯಾರಿಂದ ಬಂತು, ನೀವು ಯಾರಿಗೆ ಕೊಟ್ಟಿರಿ ತಿಳಿಸಿ. ನನ್ನ ಒಪ್ಪಿಗೆಯನ್ನು ವಾಪಸ್ ಪಡೆಯುತ್ತಿದ್ದೇನೆ. ದಾಖಲೆಗಳನ್ನು ಅಳಿಸಿ, ಬರವಣಿಗೆಯಲ್ಲಿ ಉತ್ತರ ಕೊಡಿ. ಈ ನಂಬರಿಗೆ ಮಾರಾಟದ ಕರೆ ಬೇಡ." ಅವನು ನಮ್ಮ ನೌಕರನಲ್ಲ, ಏಜೆಂಟು ಅಂತ ಜಾರಿಕೊಂಡರೆ ಒಪ್ಪಬೇಡಿ. ಏಜೆಂಟ್ ಮಾಡಿದ್ದಕ್ಕೂ ಕಂಪನಿಯೇ ಹೊಣೆ ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಉತ್ತರ ಸರಿ ಅನಿಸದಿದ್ದರೆ, ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ದುಡ್ಡು ಖರ್ಚಿಲ್ಲ, ವಕೀಲರು ಬೇಡ. ಮಾಹಿತಿ ಬೇಕಿದ್ದರೆ 14448. ಫೋನ್ ಕಾಟಕ್ಕೆ 1909ಕ್ಕೆ ಕರೆ ಮಾಡಿ, ಮಾರಾಟದ ಕರೆ ತಡೆಯುವ ಡಿಎನ್‌ಡಿ ಹಾಕಿಸಿ.

ಒಂದು ಎಚ್ಚರಿಕೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಸೌಹಾರ್ದ ಸಹಕಾರಿ, ಪತ್ತಿನ ಸಂಘ, ಚೀಟಿ ಬಹಳ. ನಿಮಗೆ ಸಾಲ ಕೊಡುವೆವು ಅಂದವರು ಇಂಥವರಾಗಿದ್ದರೆ ಈ ಒಂಬುಡ್ಸ್‌ಮನ್ ದಾರಿ ನಡೆಯುವುದಿಲ್ಲ. ಪತ್ತಿನ ಸಂಘಗಳ ದೂರು ಸಹಕಾರ ಇಲಾಖೆಗೆ, ಚೀಟಿಯದು ಚೀಟಿಗಳ ನಿಬಂಧಕರಿಗೆ. ಹೆಸರಲ್ಲಿ 'ಬ್ಯಾಂಕ್' ಇರುವ ಪಟ್ಟಣ ಸಹಕಾರ ಬ್ಯಾಂಕುಗಳಾದರೆ ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿವೆ.

ಕೊನೆಗೆ ಆ ಶೋರೂಮು. ರಿಪೋರ್ಟು ಕೈಗೆ ಬಂದಮೇಲೆ ಒಂದು ದಿನ ಅಲ್ಲಿಗೆ ಹೋಗಿ, ಜಗಳಕ್ಕಲ್ಲ. ಅರ್ಜಿ, ಜೆರಾಕ್ಸು ಎಲ್ಲ ವಾಪಸ್ ಕೇಳಿ. ಫೋನಿನಲ್ಲಿರುವ ಫೋಟೋವನ್ನು ನಿಮ್ಮ ಎದುರೇ ಅಳಿಸಲು ಹೇಳಿ, ವಾಟ್ಸಾಪ್ ಗ್ಯಾಲರಿಯಿಂದಲೂ, ಅಳಿಸಿದ್ದು ಉಳಿಯುವ ಬಿನ್ ಫೋಲ್ಡರಿನಿಂದಲೂ. ನಾದಿನಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ನಂಬರೂ ಅದೇ ಅರ್ಜಿಯಲ್ಲಿದೆ.